ಹನುಮಕ್ಕನ ಪ್ರಸ್ಥಾನ

ಹೊಸ ಟೆನಿಸ್ ಚೆಂಡುಗಳ ಡಬ್ಬಿಯ ಮುಚ್ಚಳ ಎಳೆದಾಗ ಉಸ್ಸೆಂದು ಒಂದು ಗಾಳಿ ಹೊರಬರುತ್ತದಲ್ಲ, ರಬ್ಬರಿನದೂ ಹೊಸ ಕಾರ್ಪೆಟ್ಟಿನದೂ ಕೂಡಿದಂಥ ವಾಸನೆ, ಅದು ಮೂಗಿಗೆ ಬಿದ್ದರೆ ಸಾಕು, ಹಿಂದೆಯೇ ನೀಲಗಿರಿ ಎಣ್ಣೆಯ ವಾಸನೆಯೂ ಬಂದಂತಾಗುತ್ತದೆ ನನಗೆ. ಈಗ ನಾವಿರುವ ಸೆಂಟರ್‌ವಿಲ್‌ನ ಮನೆಯಲ್ಲಿ ನೀಲಗಿರಿ ಎಣ್ಣೆಯೇ ಇಲ್ಲ. ಹೋದ ವಾರ ಶಾಲೆಯ ಅಂಗಳದಲ್ಲಿ ಯಾರೋ ಅಂಥದೊಂದು ಡಬ್ಬಿ ತೆರೆದರು. ನಾನು ನಿಂತಲ್ಲಿಂದಲೇ ಮಾರಿಸ್‌ವಿಲ್‌ನ ನಮ್ಮ ಹಳೆಯ ಟೌನ್‌ಹೌಸಿನ ಅಡುಗೆಮನೆಗೆ ಹೋಗಿಬಿಟ್ಟೆ. ಅಲ್ಲಿ ಆರಡಿ ಎತ್ತರದ ಡಚ್ ಹೆಂಗಸೊಬ್ಬಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಕುರ್ಚಿಯ ಮೇಲೆ ಕೂತರೆ ಅವಳ ಭುಜ ನಮ್ಮ ಅಜ್ಜಿಗೆ ಎಟುಕುವುದಿಲ್ಲ. ಅಜ್ಜಿ ಹಿಂದೆ ನಿಂತು ಎಣ್ಣೆ ತಿಕ್ಕುತ್ತಿದ್ದಾರೆ. ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿದೆ.

ಅವಳ ಹೆಸರು ಹಾನೆಕೆ. ಕಸಬು, ಹೆಂಗಸರ ಡಬಲ್ಸ್ ಆಟ. ನಮ್ಮೂರ ಹತ್ತಿರ ಪ್ರತಿ ಬೇಸಿಗೆ ನಡೆಯುತ್ತಿದ್ದ ಸಣ್ಣ ಟೂರ್ನಮೆಂಟಿಗೆ ಬರುವ ಆಟಗಾರ್ತಿಯರು ಹೋಟೆಲಿನಲ್ಲಿ ಇಳಿಯದೆ ಊರಿನವರ ಮನೆಗಳಲ್ಲಿ ಉಳಿಯುವುದು ರೂಢಿ. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಆ ಬೇಸಿಗೆಯಲ್ಲಿ, ಮನೆಗೆ ಯಾರಾದರೂ ಬಂದರೆ ಸಾಕಾಗಿದ್ದ ಅಮ್ಮ ನನ್ನ ಟೆನಿಸ್ ಕ್ಲಾಸಿನವರು ಕಳಿಸಿದ ಫಾರ್ಮ್ ತುಂಬಿಬಿಟ್ಟಳು; ನಮ್ಮ ಪಾಲಿಗೆ ಬಂದವಳು ಹಾನೆಕೆ. ನನಗಾಗ ಒಂಬತ್ತು ವರ್ಷ. ಆರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅಜ್ಜಿ, ಮೊದಲು ವಿಮಾನಗಳು ನಿಂತು, ಆಮೇಲೆ ಗ್ರೀನ್ ಕಾರ್ಡ್ ಆಗಿ, ನಮ್ಮಲ್ಲೇ ಉಳಿದಿದ್ದರು. ನನಗೆ ಕನ್ನಡ ಬರೆಯಲು ಕಲಿಸಿ, ದಿನಕ್ಕೊಂದು ಪುಟ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ನನಗೆ ವರ್ಣನೆ ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು. ಹೀಗಾಗಿ ಹಾನೆಕೆಯ ಮೊದಲ ವಾರದ ಪುಟಗಳಲ್ಲಿ ಇರುವುದು ಇಷ್ಟೇ: ತಿಂದ ರೊಟ್ಟಿ ಮೂವತ್ತೊಂದು, ಬಾಗಿಲ ಚೌಕಟ್ಟಿಗೆ ತಲೆ ತಾಗಿದ್ದು ನಾಲ್ಕು ಸಲ, ಗೆದ್ದ ಪಂದ್ಯ ಎರಡು.

ಎರಡನೆಯ ದಿನಕ್ಕೇ ಅವಳು ಅಜ್ಜಿಯ ಬಾಯಲ್ಲಿ ಹನುಮಕ್ಕ ಆದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು, ನಡುವೆ ದುಭಾಷಿ ನಾನು. ಡಬಲ್ಸ್ ಆಡುವವರು ಜೊತೆಗಾರ್ತಿಯನ್ನು ತಾವೇ ಹುಡುಕಿಕೊಳ್ಳಬೇಕು, ಹೊಂದದಿದ್ದರೆ ಬಿಟ್ಟು ಬೇರೊಬ್ಬಳನ್ನು ಕೇಳಬೇಕು ಎಂದು ನಾನು ವಿವರಿಸಿದೆ. ಮೂರು ವರ್ಷದಲ್ಲಿ ಹಾನೆಕೆಗೆ ಒಂಬತ್ತು ಜನ ಜೊತೆಗಾರ್ತಿಯರಾಗಿದ್ದರು.

“ಒಂಬತ್ತ ಮಂದಿ!” ಅಜ್ಜಿ ಎಣ್ಣೆಯ ಕೈ ಎತ್ತಿ ಗಲ್ಲಕ್ಕಿಟ್ಟುಕೊಂಡರು. “ಯಾರೂ ಬಾಳೇವು ಮಾಡ್ಲಿಲ್ಲೇನ ಈಕಿ ಜೋಡಿ? ಜಾತಕಾ ನೋಡಿ ಕೂಡಸಬೇಕಿತ್ತ, ಕೇಳಿ ಹೇಳು ತಂಗಿ, ಈಕಿ ನಕ್ಷತ್ರ ಯಾವ್ದಂತ.”

ನಾನು ಕೇಳಿದೆ. ಹಾನೆಕೆ ಬಹಳ ಯೋಚಿಸಿ, ಮಂಗಳವಾರ ಹುಟ್ಟಿದ್ದೆನೆಂದಳು. ಅಜ್ಜಿಗೆ ಅಷ್ಟು ಸಾಕಾಯಿತು.

ಅಲ್ಲಿಂದ ಅವಳ ಆಟದ ಒಂದು ಭಾಗ ಅಜ್ಜಿಯ ಕೈಗೆ ಹೋಯಿತು. ಹುಬ್ಬಳ್ಳಿಯಿಂದ ತಂದ ಕ್ಯಾಲೆಂಡರಿನ ರಾಹುಕಾಲ ಇಲ್ಲಿಯ ಸೂರ್ಯನಿಗೆ ಹೊಂದುವುದಿಲ್ಲವೆಂದು ನನಗೆ ತಿಳಿದಾಗ, ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಭಾಗ ಮಾಡಿ, ಮಾರಿಸ್‌ವಿಲ್‌ನದೇ ಪಟ್ಟಿಯೊಂದನ್ನು ಕನ್ನಡ ಅಂಕಿಗಳಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಹಾನೆಕೆ ನಗಲಿಲ್ಲ. ಯಾವ ಕಾಲಿಗೆ ಮೊದಲು ಸಾಕ್ಸ್ ಹಾಕಬೇಕೆಂಬುದಕ್ಕೂ ಅವಳದೊಂದು ನಿಯಮವಿತ್ತು. ರಾಹುವನ್ನು ಅವಳು ಇನ್ನೊಂದು ಸಾಕ್ಸ್ ಎಂಬಂತೆ ಒಪ್ಪಿಕೊಂಡಳು. ಪ್ರತಿ ಬೇಸಿಗೆ ನಮ್ಮಲ್ಲಿಗೇ ಬಂದಳು. ಮೂರನೆಯ ಬೇಸಿಗೆಯ ಹೊತ್ತಿಗೆ ಹತ್ತೂ ಕನ್ನಡ ಅಂಕಿಗಳನ್ನು ಓದಲು ಕಲಿತಿದ್ದಳು.

ಆ ಮೂರನೆಯ ಬೇಸಿಗೆ ಅವಳು ಊಟದ ಮೇಜಿನಲ್ಲಿ ತಟ್ಟೆ ನೋಡಿಕೊಂಡೇ ಮಾತು ತೆಗೆದಳು. ವಯಸ್ಸು ಮೂವತ್ತಮೂರಾಯಿತು. ಜಗತ್ತಿನ ನಾಲ್ಕು ದೊಡ್ಡ ಟೂರ್ನಮೆಂಟುಗಳಲ್ಲಿ ಒಂದರಲ್ಲಿಯೂ ಇದುವರೆಗೆ ಆಡಿಲ್ಲ. ಪ್ರತಿ ವರ್ಷ ನಾಲ್ಕೈದು ಸ್ಥಾನಗಳಿಂದ ತಪ್ಪಿಹೋಗುತ್ತದೆ. ಈ ವಾರ ಇಲ್ಲಿ ಗೆದ್ದರೆ ಅವಳೂ ಜೊತೆಗಾರ್ತಿ ಬ್ರಿಯಾನಾಳೂ ಆ ನಾಲ್ಕರಲ್ಲೊಂದಾದ ನ್ಯೂಯಾರ್ಕಿನ ಟೂರ್ನಮೆಂಟಿನಲ್ಲಿ ಆಡಬಹುದು. ಇಲ್ಲದಿದ್ದರೆ ಆಟ ಮುಗಿಯಿತು; ಅವಳ ಊರಿನ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಕೆಲಸ ಕಾದಿದೆ. ನಾನು ಅನುವಾದಿಸಿ ಮುಗಿಸಿದಾಗ ಅಜ್ಜಿ ಅವಳ ತಟ್ಟೆಗೆ ಎರಡು ರೊಟ್ಟಿ ಹಾಕಿದರು.

ಅವರಿಬ್ಬರೂ ಫೈನಲ್ ತಲುಪಿದರು. ಶನಿವಾರ ಹನ್ನೊಂದಕ್ಕೆ ಆಟ, ಹತ್ತಕ್ಕೆ ಮನೆ ಬಿಡಬೇಕು. ನನ್ನ ಪಟ್ಟಿಯ ಪ್ರಕಾರ ರಾಹುಕಾಲ ಒಂಬತ್ತು ನಲವತ್ತೊಂದರಿಂದ ಹನ್ನೊಂದು ಇಪ್ಪತ್ತೊಂಬತ್ತು. “ಬೇಗ ಹೊರಟರಾಯ್ತಲ್ಲ ಅತ್ತೆ,” ಎಂದರು ಅಪ್ಪ. ಅದಕ್ಕೆ ಮೊದಲು ಗುಳಿಕಕಾಲವೋ ಇನ್ನೊಂದೋ ಅಡ್ಡ ಬಂತು. ಕೊನೆಗೆ ಅಜ್ಜಿಯೇ ದಾರಿ ಹುಡುಕಿದರು: ಪ್ರಸ್ಥಾನ ಇಡುವುದು. ಹೊರಡುವವರ ಸಾಮಾನೊಂದನ್ನು ಮುಂಚೆಯೇ ಒಳ್ಳೆಯ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಇಟ್ಟು ಬಂದರೆ, ಪಯಣ ಆಗಲೇ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ.

“ಒಂದು ಟವೆಲ್ ಇಡೋಣ,” ಎಂದಳು ಅಮ್ಮ.

“ಟವೆಲ್ ಏನ್ ಆಡ್ತದೇನು? ಕಸಬಿನ ಸಾಮಾನ ಇಡಬೇಕ.”

ಹೀಗೆ ಶುಕ್ರವಾರ ಸಂಜೆ ಬೆಳಕಿರುವಾಗಲೇ ಆರೂ ರಾಕೆಟ್ಟುಗಳಿದ್ದ ಚೀಲವನ್ನು ನಾನೂ ಹಾನೆಕೆಯೂ ಪಕ್ಕದ ಸುಧಾ ಆಂಟಿಯ ಗರಾಜಿನಲ್ಲಿ ಇಟ್ಟು ಬಂದೆವು. ಆಂಟಿ ಬಟ್ಟೆ ಮಡಚುತ್ತ, “ಇಡಮ್ಮ, ಇಡು, ಅದಕ್ಕೇನು,” ಎಂದರು.

ಶನಿವಾರ ಹತ್ತು ಗಂಟೆಗೆ ಹೋಗಿ ಬೆಲ್ ಒತ್ತಿದರೆ ಮನೆಯಲ್ಲಿ ಯಾರೂ ಇಲ್ಲ. ಅಮ್ಮ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಅಯ್ಯೋ ದೇವ್ರೇ, ಬ್ಯಾಗು!” ಸುಧಾ ಆಂಟಿಯ ದನಿಯ ಹಿಂದೆ ಹೈವೇ ಮೊರೆಯುತ್ತಿತ್ತು. “ಎಲಿಕಾಟ್ ಸಿಟೀಲಿ ನಮ್ಮ ನಾದಿನೀದು ಸೀಮಂತ ಕಣ್ರೀ, ಐದಕ್ಕೇ ಬಿಟ್ವಿ. ಬ್ಯಾಗ್ ವಿಷ್ಯ ಮರ್ತೇ ಹೋಯ್ತು.”

“ಗರಾಜ್ ಕೋಡ್ ಹೇಳಿ ಸುಧಾ.”

“ಕೋಡ್ ಒತ್ತೋ ಆ ಕೀಪ್ಯಾಡಿನ ಬ್ಯಾಟರಿ ಹೋಗಿ ಆರು ತಿಂಗ್ಳಾಯ್ತು. ಚೇಂಜ್ ಮಾಡಿ ಚೇಂಜ್ ಮಾಡಿ ಅಂತ ಇವ್ರಿಗೆ ಬಡ್ಕೊಂಡೆ. ರೀ, ಕೇಳಿಸ್ತಾ? ಈಗ ಮಾತಾಡಿ! ನೋಡಿ, ಸ್ಪೇರ್ ಕೀ ನಿಮ್ಮನೇಲೇ ಇದೆಯಲ್ಲ, ಇಂಡಿಯಾಗೆ ಹೋದಾಗ ಕೊಟ್ಟಿದ್ದೆ.”

“ಹೌದು, ಜೋಪಾನವಾಗಿ ಇಟ್ಟಿದ್ದೀನಿ,” ಎಂದಳು ಅಮ್ಮ. ಆ ಮಾತು ಕೇಳಿ ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಮ್ಮ ಮನೆಯಲ್ಲಿ ಅಮ್ಮ ಜೋಪಾನವಾಗಿ ಇಟ್ಟದ್ದು ಸಿಕ್ಕ ದಾಖಲೆ ನನ್ನ ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಹಾನೆಕೆ ಹತ್ತು ನಿಮಿಷ ಕಾದಳು, ಆಮೇಲೆ ಬರಿಗೈಯಲ್ಲಿ ಅಪ್ಪನ ಕಾರು ಹತ್ತಿದಳು. ಬ್ರಿಯಾನಾಳ ಬಳಿ ಎರಡು ಹೆಚ್ಚಿನ ರಾಕೆಟ್ಟುಗಳಿದ್ದವು, ಹಿಡಿ ಸಣ್ಣದು. ನಾವು ಮೂವರು ಡ್ರಾಯರುಗಳನ್ನು ಮಗುಚಿದೆವು. ಆಮೇಲೆ ಮೊಸರಿನ ಖಾಲಿ ಡಬ್ಬಿಗಳಿಗೆ ಕೈ ಹಾಕಿದೆವು. ಸಾಸಿವೆ, ಗುಂಡಿಗಳು, ಗೋಡಂಬಿ, ಹಳೆಯ ಚಾರ್ಜರು, ಇನ್ನೊಂದರಲ್ಲಿ ಆಶ್ಚರ್ಯವೆಂಬಂತೆ ಮೊಸರು. ಹದಿನಾಲ್ಕನೆಯ ಡಬ್ಬಿಯಲ್ಲಿ, ಅರಿಸಿನದ ಕೊಂಬುಗಳ ಕೆಳಗೆ, ಕೀ ಸಿಕ್ಕಿತು.

ನಾವು ಚೀಲದೊಂದಿಗೆ ಅಂಗಳ ತಲುಪಿದಾಗ ಮೊದಲ ಸೆಟ್ ಹೋಗಿತ್ತು, ಒಂದು–ಆರು. ಅಮ್ಮ ಚೀಲವನ್ನು ಅಲ್ಲಿದ್ದ ಅಧಿಕಾರಿಯ ಕೈಗೆ ಕೊಟ್ಟಳು. ಹಾನೆಕೆ ತನ್ನ ರಾಕೆಟ್ ತೆಗೆದು, ಅಂಗೈಯಲ್ಲಿ ಒಮ್ಮೆ ತಿರುಗಿಸಿ, ನಮ್ಮ ಕಡೆ ನೋಡಿದಳು. ಎರಡನೆಯ ಸೆಟ್ ಆರು–ಮೂರು, ಹಾನೆಕೆಯವರದು. ಸೀರೆಯ ಮೇಲೆ ಕ್ರಿಕೆಟ್ ಟೋಪಿ ಹಾಕಿದ್ದ ಅಜ್ಜಿ ಬೆಂಚಿನ ಮೇಲೆ ನಿಂತು, “ಹೊಡಿ ಹನುಮಕ್ಕಾ!” ಎಂದು ಕೂಗಿದರು. ಅಂಪೈರ್ ತಿರುಗಿ ನೋಡಿ ಸುಮ್ಮನಿರಲು ಹೇಳಿದ. “ಏನಂತಾನ?” ಎಂದರು ಅಜ್ಜಿ. ಇನ್ನೂ ಜೋರಾಗಿ ಕೂಗಬಹುದಂತೆ ಎಂದು ನಾನು ಹೇಳಿಬಿಟ್ಟೆ. ದುಭಾಷಿಯಾಗಿ ನಾನು ಹೇಳಿದ ಒಂದೇ ಸುಳ್ಳು ಅದು.

ಸೆಟ್ ಸಮವಾದರೆ ಡಬಲ್ಸ್‌ನಲ್ಲಿ ಹತ್ತು ಪಾಯಿಂಟಿಗೆ ಒಂದು ಕೊನೆಯ ಆಟ. ಎಂಟು–ಎಂಟರವರೆಗೆ ಬಂತು. ಹಾನೆಕೆಯ ಸರ್ವ್ ಎರಡು ಸಲ ನೆಟ್‌ಗೆ ಬಿತ್ತು. ಒಂದು ಪಾಯಿಂಟ್ ಹೋಯಿತು. ಮುಂದಿನ ಚೆಂಡು ಎದೆಯೆತ್ತರಕ್ಕೆ, ಸುಲಭವಾಗಿ ಬಂತು. ಅವಳು ಅದನ್ನು ಗೆರೆಯಿಂದ ಒಂದು ಗೇಣು ಆಚೆ ಹೊಡೆದಳು. ಎಂಟು–ಹತ್ತು.

ಮನೆಗೆ ಬರುವಾಗ ಕಾರಿನಲ್ಲಿ ಅಜ್ಜಿ ಕಿಟಕಿಯ ಕಡೆ ಮುಖ ಮಾಡಿಕೊಂಡು, “ನಾ ಆ ಚೀಲಾ ಇಡಸ್ದಿದ್ರ ನೀ ಗೆಲ್ತಿದ್ದಿ ಯವ್ವಾ,” ಎಂದರು. ನಾನು ಹೇಳಬೇಕೋ ಬಿಡಬೇಕೋ ಎಂದು ಅಮ್ಮನನ್ನು ನೋಡಿದೆ. ಅಮ್ಮ ತಲೆಯಾಡಿಸಿದಳು. ಹೇಳಿದೆ.

“ಮೊದಲ ಸೆಟ್ ಸೋತದ್ದು ಬೇರೆಯವರ ರಾಕೆಟ್ಟಿನಿಂದ,” ಎಂದಳು ಹಾನೆಕೆ. “ಕೊನೆಯ ಎರಡು ಪಾಯಿಂಟ್ ಸೋತದ್ದು ನನ್ನದರಿಂದಲೇ. ಇದನ್ನು ಸರಿಯಾಗಿ ಹೇಳು ಅವರಿಗೆ.” ನಾನು ಸರಿಯಾಗಿಯೇ ಹೇಳಿದೆ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ಮನೆಯಲ್ಲೀಗ ಬೇರೆ ಯಾರೋ ಇದ್ದಾರೆ. ಸುಧಾ ಆಂಟಿಯವರೂ ಊರು ಬಿಟ್ಟರಂತೆ. ಅಜ್ಜಿ ತೀರಿಹೋಗಿ ಎರಡು ಚಳಿಗಾಲ ಕಳೆಯಿತು. ಸುದ್ದಿ ಕೇಳಿ ಹಾನೆಕೆ ಫೋನ್ ಮಾಡಿ, ಅಮ್ಮನ ಜೊತೆ ಅತ್ತಳು. ಅವಳು ಈಗ ಮಕ್ಕಳಿಗೆ ಹಗ್ಗದಾಟ ಆಡಿಸುತ್ತಾಳೆ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಅವಳು ಹೊರಟ ಸೋಮವಾರ. ಎಂಟಕ್ಕೇ ಚೀಲಗಳೊಂದಿಗೆ ಕೆಳಗೆ ಬಂದಳು. ಅಪ್ಪ ಕಾರಿನ ಕೀ ಹಿಡಿದು ನಿಂತಿದ್ದರು. ಅಜ್ಜಿ ಒಲೆಯ ಕಡೆಯಿಂದ ತಿರುಗದೆ ಹೇಳಿದರು: “ನಿನಗ ಯಾವಾಗ ಅನಕೂಲ ಆಗ್ತದ ಆವಾಗ ಹೋಗವಾ. ನಾ ಏನೂ ಹೇಳಂಗಿಲ್ಲ.”

ಹಾನೆಕೆ ಫ್ರಿಜ್ಜಿನ ಹತ್ತಿರ ಹೋಗಿ, ಪಟ್ಟಿಯ ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ೭–೫೩ರಿಂದ ೯–೪೧. ಚೀಲ ಇಳಿಸಿ ಮೇಜಿನ ಮುಂದೆ ಕೂತಳು. ಅಪ್ಪ ಗಡಿಯಾರ ನೋಡಿದರು. ಏರ್‌ಪೋರ್ಟ್ ಹತ್ತು ನಿಮಿಷದ ದಾರಿ, ಅವರೂ ಕೂತರು. ಅಜ್ಜಿ ರೊಟ್ಟಿ ತಟ್ಟತೊಡಗಿದರು. ಕೈ ಹಿಟ್ಟಿಗೆ ಬಡಿಯುವ ಸದ್ದು, ಬೇಯುವ ಜೋಳದ ವಾಸನೆ, ಅಷ್ಟೇ. ಅವಳು ತಿಂದದ್ದು ಐದು ರೊಟ್ಟಿ. ಒಂಬತ್ತು ನಲವತ್ತೊಂದಕ್ಕೆ ಸರಿಯಾಗಿ ಎದ್ದಳು.

“ಇನ್ನೊಂದ ನಿಮಿಷ ಕೂಡವಾ,” ಎಂದರು ಅಜ್ಜಿ. “ಗಡಿಯಾರ ಮುಂದ ಇದ್ದರೂ ಇರಬಹುದು.”

ನಾನು ಅನುವಾದಿಸಲು ಬಾಯಿ ತೆರೆದೆ. ಅವಳು ಆಗಲೇ ಮತ್ತೆ ಕೂತಿದ್ದಳು.