ಅವ್ವ ಪೂಜೆಗೆ ಕೂರದ ಬೆಳಗ್ಗೆ

ತಾಳ್ಯದ ನಮ್ಮ ಮನೆಯಲ್ಲಿ ಅವ್ವ ಇಷ್ಟಲಿಂಗ ಪೂಜೆ ಆಗುವ ತನಕ ಹನಿ ನೀರೂ ಕುಡಿಯುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಇದು ಬದಲಾಗಲಿಲ್ಲ. ಪೂಜೆಯನ್ನು ಇನ್ನಷ್ಟು ಬೇಗ ಮುಗಿಸುವುದನ್ನು ಕಲಿತಳು, ಅಷ್ಟೆ. ಹಾಗಾಗಿ ಆ ಬೆಳಗ್ಗೆ ಸ್ನಾನ ಮಾಡಿ ಬಂದವಳು ಪೂಜೆಯ ಮಣೆಗೆ ಬೆನ್ನು ಹಾಕಿ ನಡುಮನೆಯ ಕಂಬಕ್ಕೆ ಒರಗಿ ಕುಳಿತಾಗ ಯಾಕೆಂದು ಕೇಳಿದೆ.

"ಇವಳು ಆ ಮಾತಾಜಿ ಸಹವಾಸ ಬಿಡ್ತೀನಿ ಅನ್ನೋಗಂಟ ನಾನು ಪೂಜೆ ಮಾಡಲ್ಲ."

ಇವಳು ಎಂದರೆ ನನ್ನ ತಂಗಿ. ಚಿಕ್ಕಜಾಜೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು ಒಬ್ಬಳೇ ಇದ್ದಳು. ಅಲ್ಲಿ ರೈಲ್ವೆ ಗೇಟಿನಾಚೆಯ ಒಂದು ಬಾಡಿಗೆ ಮನೆಯಲ್ಲಿ ಮಾತಾಜಿ ಒಬ್ಬರು, ಸುತ್ತ ಒಂದಷ್ಟು ಹೆಂಗಸರು, ಬೆಳಗ್ಗೆ ಸಂಜೆ ಧ್ಯಾನ. ಮೊದಮೊದಲು ಹೋಗಿ ಬಂದು ಮಾಡುತ್ತಿದ್ದಳು. ಹಿಂದಿನ ಸಂಜೆ ಊರಿಗೆ ಬಂದು, ಅಂಗಡಿ ಮುಚ್ಚಿ ಇನ್ನು ಆ ಮನೆಯಲ್ಲೇ ಇರುತ್ತೇನೆ ಎಂದಿದ್ದಳು.

ನಾನು ಹೊಳಲ್ಕೆರೆಯ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಯಾವುದಕ್ಕಾದರೂ ಒಂದು ಹೆಸರು ಅಂಟಿಸದಿದ್ದರೆ ನನಗೆ ಸಮಾಧಾನವಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಹೆಸರೂ ಸಿಕ್ಕಿತ್ತು: ಕಲ್ಟ್. ಅಂಥವರು ಗುರುವನ್ನು ಕೇಳದೆ ಏನೂ ಮಾಡುವುದಿಲ್ಲವಂತೆ, ಹೊರಗಿನವರ ಕೈ ಅಡುಗೆ ಉಣ್ಣುವುದಿಲ್ಲವಂತೆ, ಮಾತು ಮೀರಿದರೆ ಕೇಡಾಗುತ್ತದೆ ಎಂದು ಹೆದರಿಸುತ್ತಾರಂತೆ. ಇವಳೂ ನಮ್ಮ ಮನೆಯ ಮುದ್ದೆ ಮುಟ್ಟದೆ ತಾನೇ ತಂದ ಅವಲಕ್ಕಿ ತಿಂದಿದ್ದಳು. ಮೈಯೆಲ್ಲ ಉರಿದುಹೋಗಿತ್ತು ನನಗೆ. ಅವಳು ಏಳುವ ಮೊದಲೇ ಅವಳ ಗಾಡಿ ಕೀ ಎತ್ತಿಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡಿದ್ದೆ.

"ಥೈರಾಯ್ಡ್ ಮಾತ್ರೆ ನುಂಗ್ತೀಯೋ, ಅದನ್ನೂ ಬಿಡಿಸಿದಾಳೋ ನಿನ್ನ ಮಾತಾಜಿ?"

ತಂಗಿ ಚೀಲದಿಂದ ಮಾತ್ರೆ ತೆಗೆದು ಕಿಟಕಿಯ ಮೇಲಿಟ್ಟಳು. "ನುಂಗ್ತೀನಿ. ಅವರನ್ನ ಕೇಳಿ ನುಂಗ್ತೀನಿ."

"ಮಾತ್ರೆಗೂ ಕೇಳ್ಬೇಕಾ? ಬೇಡ ಅಂದ್ರೆ?"

"ಇನ್ನೂ ಅಂದಿಲ್ಲ."

ಆ 'ಇನ್ನೂ' ಕೇಳಿದ್ದೇ, "ಕಲ್ಟ್ ಕಣೇ ಅದು!" ಎಂದು ಕಿರುಚಿದೆ.

"ನಮ್ಮಜ್ಜಿ ಮದುವೆ ಮನೆಗೂ ನೀರಿನ ತಂಬಿಗೆ ಹಿಡ್ಕಂಡು ಹೋಗ್ತಿದ್ಲು. ಲಿಂಗ ಕಟ್ದೋರ್ನ ಬಿಟ್ಟು ಇನ್ಯಾರ ಕೈಲೂ ಉಣ್ಣಲಿಲ್ಲ. ಈ ಮನೆ ಪಾಯ ಹಾಕಕ್ಕೆ ಅಪ್ಪ ಮಠದ ಸ್ವಾಮಿಗಳ್ನ ಕೇಳ್ದ. ಅದಕ್ಕೇನಂತೀಯ?"

"ಅದು ಮಠ. ಎಷ್ಟೋ ತಲೆಮಾರಿಂದ ಐತೆ."

"ಹಳೇದಾದ್ರೆ ಆಯ್ತಾ ಹಂಗಾರೆ?"

ಮುಷ್ಟಿಯಲ್ಲಿದ್ದ ಕೀಯನ್ನು ಬಿಗಿಯಾಗಿ ಹಿಡಿದೆ. ಸಿಟ್ಟು ಇನ್ನೂ ಹೆಚ್ಚಾಯಿತು.

ಬಿಸಿಲು ಹೊಸ್ತಿಲು ದಾಟಿತು. ಅವ್ವನ ತುಟಿ ಒಣಗಿತ್ತು, ಹಣೆಯ ಮೇಲೆ ಬೆವರು; ಸಕ್ಕರೆ ಇಳಿಯುತ್ತಿತ್ತು. ನೀರು ಹಿಡಿದರೆ ಮುಖ ತಿರುಗಿಸಿದಳು. "ನಾನು ಸತ್ರೆ ಆ ಪಾಪ ನಿನ್ನ ಸುಮ್ನೆ ಬಿಡಲ್ಲ ಕಣೇ," ಎಂದಳು ತಂಗಿಗೆ. ಇದೇ ಹೆದರಿಕೆಯ ಮಾತನ್ನು ನಾನು ವಿಡಿಯೊದಲ್ಲಿ ಕೇಳಿದ್ದೆ. ಈಗ ನಮ್ಮ ಮನೆಯ ಕಂಬದ ಬುಡದಿಂದ ಬಂದಿತ್ತು. ನನಗೆ ಅವ್ವನನ್ನು ಕಂಡೂ ಭಯವಾಯಿತು.

ತಂಗಿ ಎದ್ದು ಪೂಜೆಯ ತಟ್ಟೆ ತೊಳೆದಳು, ವಿಭೂತಿ, ಬಿಲ್ವಪತ್ರೆ ಇಟ್ಟಳು, ದೀಪ ಹಚ್ಚಿದಳು. ಅವ್ವ ಅಲುಗಲಿಲ್ಲ. ಆಗ ತಂಗಿ ನನ್ನ ಮುಂದೆ ಬಂದು ಕೈಯೊಡ್ಡಿದಳು.

"ಕೀ ಕೊಡಕ್ಕ. ನಾನು ಹೋದ್ರೆ ಅವ್ವ ಪೂಜೆಗೆ ಕೂರ್ತಾಳೆ. ಇಲ್ಲೇ ಇದ್ರೆ ನೀರು ಮುಟ್ಟಲ್ಲ."

ಅವ್ವ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. ಕೊಟ್ಟರೆ ತಂಗಿಯನ್ನು ಕಳೆದುಕೊಳ್ಳುತ್ತೇನೆ, ಕೊಡದಿದ್ದರೆ ಅವ್ವನನ್ನು. ಅಳು ಬಂತು. ಮುಷ್ಟಿ ಬಿಚ್ಚಿದೆ.

"ಭಾನುವಾರ ಬರ್ತೀಯಾ?"

"ಕೇಳಿ ಬರ್ತೀನಿ."

"ಅವ್ವನ್ನ ನೋಡಕ್ಕೂ ಕೇಳ್ಬೇಕಾ?"

"ಇಲ್ಲಿಂದ ಹೋಗಕ್ಕೂ ಕೇಳ್ಬೇಕಾಯ್ತಲ್ಲಕ್ಕ," ಎಂದು ಗಾಡಿ ಹತ್ತಿದಳು.

ಸದ್ದು ಮರೆಯಾದ ಮೇಲೆ ಅವ್ವ ಗೋಡೆ ಹಿಡಿದು ಎದ್ದಳು, ನನ್ನ ಮುಖ ನೋಡದೆ ಪೂಜೆಗೆ ಕುಳಿತಳು. ಮುಗಿಸಿ, ನೀರು ಕುಡಿದು, ಕಿಟಕಿಯ ಕಡೆ ಕೈ ತೋರಿಸಿದಳು.

"ಮಾತ್ರೆ ಇಲ್ಲೇ ಅವೆ ನೋಡು."

ಮರೆತಳೋ, ಬೇಡವೆಂದು ಬಿಟ್ಟಳೋ? ಕೇಳೋಣವೆಂದು ಫೋನ್ ಮಾಡಿದೆ. ಗಾಡಿ ಓಡಿಸುತ್ತಿದ್ದಳೇನೋ, ಎತ್ತಲಿಲ್ಲ.