ಅವ್ವನ ಕಣ್ಣಿಗೆ ಬಂದ ರಸ್ತೆ

ಓದುಗ ಬಂಧುಗಳಿಗೆ ನಮಸ್ಕಾರ. ನಾನು ಶಾಲೆಯ ಮುಖ ನೋಡಿದ್ದೇ ಮೀಸೆ ಚಿಗುರಿದ ಮೇಲೆ. ಆದ್ದರಿಂದ ಕಾಗುಣಿತ ಎಲ್ಲಾದರೂ ಕಾಲು ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ನೀವೂ ಸಾವಕಾಶವಾಗಿ ಓದಿರಿ.

ಭತ್ತದ ಹೊಟ್ಟು ನಮ್ಮ ಮಾನ್ವಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವ ವಸ್ತುವಲ್ಲ. ಮಿಲ್ಲುಗಳ ಹಿಂದೆ ಗುಡ್ಡದಂತೆ ಬಿದ್ದಿರುತ್ತದೆ, ಗಾಳಿ ಎದ್ದರೆ ಕರೆಯದೆ ಒಳಗೆ ಬಂದು ಸಾರಿನ ಮೇಲೂ ತೇಲುತ್ತದೆ. ಇಂಥ ಹೊಟ್ಟು ಕಲ್ಲೂರಿನಲ್ಲಿ, ನಮ್ಮ ಚಿಕ್ಕವ್ವನ ಮನೆಯ ಮುಂದೆ ನಮ್ಮವ್ವನೂ ಆಕೆಯೂ, ಅಕ್ಕ ತಂಗಿಯರಿಬ್ಬರೂ ಕೂಡಿ ಭತ್ತ ತೂರುತ್ತಿದ್ದಾಗ, ಒಂದೇ ಗಾಳಿಗೆ ಇಬ್ಬರ ಕಣ್ಣಿಗೂ ಬಿತ್ತು. ನೆರೆಮನೆಯ ಒಬ್ಬಳೇ ಮುದುಕಿ ಇಬ್ಬರ ಕಣ್ಣಿನಲ್ಲೂ ನಾಲಿಗೆ ಆಡಿಸಿ ಹೊಟ್ಟು ತೆಗೆದಳು. ನಮ್ಮ ಕಡೆಯ ಪದ್ಧತಿಯೇ ಅದು. ಮುಂದೆ ಕಣ್ಣಿನ ಡಾಕ್ಟರಮ್ಮ ಅದಕ್ಕಾಗಿ ನಮ್ಮನ್ನು ಚೆನ್ನಾಗಿ ಬೈದರೆನ್ನುವುದು ಬೇರೆ ಮಾತು.

ಚಿಕ್ಕವ್ವನ ಕಣ್ಣು ನಾಲ್ಕು ದಿನ ನೀರು ಸುರಿಸಿ ತಿಳಿಯಾಯಿತು. ಅವ್ವನ ಕಣ್ಣು ಮಾತ್ರ ಕೆಂಪಡರಿ, ಕರಿಗುಡ್ಡೆಯ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೇ ಮಂದ. ಇರುವ ಒಂದೇ ದೀಪಕ್ಕೆ ಹೀಗಾದ ಮೇಲೆ ಅವ್ವ ಗೋಡೆ ಹಿಡಿದು ಓಡಾಡತೊಡಗಿದಳು.

ರಾಯಚೂರಿನ ಡಾಕ್ಟರಮ್ಮ ತಾಳ್ಮೆಯ ಹೆಣ್ಣುಮಗಳು. ಕಣ್ಣಿನ ಮುಂದಿನ ಪೊರೆ ಗಾಜಿನಂತೆ ಹೊಳೆಯುವುದು ಅದರೊಳಗೆ ಯಾವ ನಾಳವೂ ಇಲ್ಲದಿರುವುದರಿಂದ; ಗಾಯವಾದರೆ ಅಂಚಿನಿಂದ ರಕ್ತನಾಳಗಳೂ, ಅವುಗಳ ಜೊತೆ ಮೈಯೊಳಗೆ ಸೋರಿದ ನೀರನ್ನು ಸಾಗಿಸುವ ಬಣ್ಣವಿಲ್ಲದ ದುಗ್ಧನಾಳಗಳೂ ಒಳಗೆ ನುಗ್ಗುತ್ತವೆ; ಎಷ್ಟು ನುಗ್ಗುತ್ತವೆ ಎನ್ನುವುದರಲ್ಲಿ ಹುಟ್ಟಿನಿಂದ ಬಂದ ಗುಣದ ಪಾಲೂ ಇರುತ್ತದೆ ಎಂದು ವಿವರಿಸಿದರು. ಇಲಿಗಳಲ್ಲಿ ಇದು ತಳಿಯಿಂದ ತಳಿಗೆ ಬೇರೆಯಂತೆ, ಮನುಷ್ಯರದು ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಇಲಿಗಳಿಗೂ ಮನೆತನವಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಅವ್ವನ ತವರು ದೇವದುರ್ಗದ ಕಡೆ, ಅರಕೇರಾ ಹತ್ತಿರದ ಹಳ್ಳಿ. ಆ ಹಳ್ಳಿಗೆ ಡಾಂಬರು ರಸ್ತೆ ಬರಲೆಂದು ಅವ್ವ ಹುಟ್ಟುವ ಮೊದಲಿನಿಂದ ಅರ್ಜಿ ಕೊಡುತ್ತಿದ್ದಾರೆ. ಅದೇ ಹಳ್ಳಿಯ ಹೆಣ್ಣುಮಗಳ ಕಣ್ಣೊಳಗೆ ಟೆಂಡರಿಲ್ಲದೆ, ಭೂಮಿಪೂಜೆಯಿಲ್ಲದೆ ರಸ್ತೆ ಆಗಿಬಿಟ್ಟಿತ್ತು! ತೊಂದರೆ ಇದ್ದದ್ದೂ ಈ ರಸ್ತೆಯಲ್ಲೇ. ತೀರಿಕೊಂಡವರು ದಾನ ಕೊಟ್ಟ ಪೊರೆಯನ್ನು ಹೊಲಿದು ಕೂಡಿಸಬಹುದು. ಆದರೆ ದುಗ್ಧನಾಳದ ದಾರಿ ಹಿಡಿದು 'ಯಾರೋ ಹೊರಗಿನವರು ಬಂದಿದ್ದಾರೆ' ಎಂಬ ಸುದ್ದಿ ಮೈಯ ಕಾವಲುಗಾರರಿಗೆ ಮುಟ್ಟಿದರೆ ಅವರು ಬಂದು ಆ ಪೊರೆಯನ್ನು ಹಾಳುಮಾಡಬಹುದು.

ಮನೆಗೆ ಬಂದ ಮೇಲೆ ಪಂಚಾಯಿತಿ ಕೂಡಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ಕಣ್ಣಿಗೆ ಎರಡು ಗುಣ ಹೇಗೆಂಬುದೇ ವಿಷಯ. ಅಕ್ಕನದು ನಮ್ಮಜ್ಜಿಯ ಪಾಲು, ಆ ಅಜ್ಜಿಯೂ ಊರ ಸುದ್ದಿಗೆಲ್ಲ ದಾರಿ ಮಾಡಿದಾಕೆ ಎಂದು ಚಿಕ್ಕವ್ವ ತೀರ್ಪು ಕೊಟ್ಟಳು. ಅವ್ವ ನಗಲಿಲ್ಲ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ ಆಕೆ. ಯಾರೋ ಪುಣ್ಯಾತ್ಮರು ಕೊಟ್ಟದ್ದನ್ನು ತನ್ನ ಮೈ ಹೊರಗೆ ಹಾಕುತ್ತದೆಂದರೆ, ಅದಕ್ಕಿಂತ ಕತ್ತಲೆಯೇ ವಾಸಿ ಎಂದು ಹಟ ಹಿಡಿದಳು.

"ಹಂಗಾದ್ರ ನಾ ಸತ್ತ ಮ್ಯಾಲ ನನ್ನ ಕಣ್ಣು ಹಾಕ್ಸಿಕೋ ಯಕ್ಕಾ," ಎಂದಳು ಚಿಕ್ಕವ್ವ. "ನಿನ್ನ ಮೈಗೆ ನನ್ನ ಗುರುತು ಅದ."

"ನೀ ಸಾಯೋತನಾ ನಾ ಗ್ವಾಡಿ ಹಿಡಕೊಂಡು ಕುಂದರ್ಲೇನು? ನಿಂಗ ಯಾವ ಕೆಲಸದಾಗ ಅವಸರ ಅದ?"

ಅಂತೂ ಆ ಜಗಳವೇ ಅವ್ವನನ್ನು ದಾನದ ಪೊರೆಗೆ ಒಪ್ಪಿಸಿತು. ಶಸ್ತ್ರಕ್ರಿಯೆಯಾಯಿತು, ಬೆಳಕು ಬಂತು. ಹೊತ್ತು ಹೊತ್ತಿಗೆ ಹನಿ ಹಾಕಿ, ಕೆಂಪಾದರೆ ಅವತ್ತೇ ಬನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಕೆಲವು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಅವ್ವ ಮನೆಯೊಳಗೂ ಕರಿ ಕನ್ನಡಕ ತೆಗೆಯದಾದಳು. ಕೇಳಿದರೆ, ಮಿಲ್ಲಿನ ಧೂಳು ಎನ್ನುತ್ತಿದ್ದಳು. ನಾನು ಪೆದ್ದ, ನಂಬಿದೆ. ಕಲ್ಲೂರಿನಿಂದ ಬಂದ ಚಿಕ್ಕವ್ವ ಮಾತ್ರ ಚೀಲ ಇಳಿಸುವ ಮೊದಲೇ ಕನ್ನಡಕ ಕಿತ್ತುಕೊಂಡಳು. ಒಳಗೆ ಕಣ್ಣು ದಾಸವಾಳದಂತೆ ಕೆಂಪಾಗಿತ್ತು. ಮೈ ಅತಿಥಿಯ ಮೇಲೆ ತಿರುಗಿಬಿದ್ದಿತ್ತು. ಅದನ್ನು ಹೇಳಿಕೊಳ್ಳಲು ನಾಚಿ ಅವ್ವ ಮುಚ್ಚಿಟ್ಟಿದ್ದಳು.

"ನಿನ್ನ ಮರ್ಯಾದಿಗೆ ಬೆಂಕಿ ಹಾಕ," ಎಂದಳು ಚಿಕ್ಕವ್ವ. "ನಡಿ ರಾಯಚೂರಿಗೆ."

ಅವತ್ತೇ ಬಸ್ಸು ಹತ್ತಿದೆವು. ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅವ್ವ ತಪ್ಪಿತಸ್ಥೆಯಂತೆ ಕೈ ಮುಗಿದು, ತನ್ನ ರಕ್ತವೇ ಇಂಥದ್ದು, ಕೊಟ್ಟವರಿಗೆ ಹೇಗೆ ಮುಖ ತೋರಿಸಲಿ ಎಂದಳು.

"ಯವ್ವಾ, ಕಣ್ಣು ಕೆಂಪಾಗಿದ್ದು ನಿಮ್ಮ ತಪ್ಪಲ್ಲ. ಮುಚ್ಚಿಟ್ಟಿದ್ದು ತಪ್ಪು. ಇನ್ನೂ ಹೊತ್ತು ಮೀರಿಲ್ಲ," ಎಂದರು ಡಾಕ್ಟರಮ್ಮ.

ಆ ಮಾತು ನನ್ನ ತಲೆಯಲ್ಲಿ ಇನ್ನೂ ಆಡುತ್ತಿದೆ. ನಾವು ಮೂಗು, ಬಣ್ಣ, ಸಿಟ್ಟು ಎಲ್ಲವನ್ನೂ ಹಿರಿಯರಿಂದ ಪಡೆದು, ಒಳ್ಳೆಯದಿದ್ದರೆ ನಮ್ಮದೆಂದು ಮೆರೆಯುತ್ತೇವೆ, ಕೆಟ್ಟದ್ದಿದ್ದರೆ ಅಜ್ಜಿಯ ಮೇಲೆ ಹಾಕುತ್ತೇವೆ. ರಕ್ತ ತನಗೆ ತಿಳಿದ ರಸ್ತೆ ಹಾಕಿಯೇ ಹಾಕುತ್ತದೆ. ಅದಕ್ಕೆ ಅಡ್ಡಗಟ್ಟಲು ಹನಿ ಔಷಧಿಯೂ ಬೇಕು, ಕನ್ನಡಕ ಕಿತ್ತುಕೊಳ್ಳುವ ತಂಗಿಯೂ ಬೇಕು.

ಹನಿ ಹೆಚ್ಚಿಸಿದರು. ಮೆಲ್ಲಗೆ ಕೆಂಪು ಇಳಿಯಿತು, ಪೊರೆ ಉಳಿಯಿತು. ಚಿಕ್ಕವ್ವ ಊರಿಗೆ ಹೋಗದೆ ಕಾವಲು ಕುಳಿತಳು. ಮೊನ್ನೆ ಬೆಳಿಗ್ಗೆ ಆಕೆ ಅಕ್ಕಿ ಆರಿಸಿ ಮೊರ ಕೆಳಗಿಟ್ಟಳು. ಪಕ್ಕದಲ್ಲಿದ್ದ ಅವ್ವ ಬಗ್ಗಿ, ಅದರೊಳಗಿಂದ ಒಂದು ಬಿಳಿ ಹರಳು ಹೆಕ್ಕಿ, ತಂಗಿಯ ಅಂಗೈಯಲ್ಲಿಟ್ಟಳು. ಚಿಕ್ಕವ್ವ ಹರಳನ್ನೂ ಅಕ್ಕನನ್ನೂ ನೋಡಿ, ಸಂಜೆಯ ಬಸ್ಸಿಗೆ ಚೀಲ ತುಂಬಿಕೊಂಡಳು.

ನಿಮ್ಮ ಮನೆಯಲ್ಲೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಮೈ ಹೀಗೆ ಬೇರೆ ಬೇರೆ ಹಟ ಹಿಡಿದದ್ದುಂಟೇ? ಇದ್ದರೆ ಎರಡು ಸಾಲು ಬರೆಯಿರಿ. ನಾನು ಅವ್ವನಿಗೆ ಓದಿ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಏನಾದರೂ ಮುಚ್ಚಿಟ್ಟಿದ್ದರೆ ಆಕೆ ಬೈದು ಕಳಿಸುತ್ತಾಳೆ.