ಓಬಕ್ಕನ ಬುಟ್ಟಿ ಸರಿದ ಜಾಗ

ಓದುಗರೇ, ನೀವು ದಿನವೂ ಕೂರುವ ಜಾಗದಲ್ಲಿ ಅಪರಿಚಿತರೊಬ್ಬರ ಹೆಸರು ಬರೆದಿದ್ದರೆ ಮೊದಲು ಅವರ ಬಗ್ಗೆ ಯೋಚಿಸುವಿರೋ, ನಿಮ್ಮ ಜಾಗದ ಬಗ್ಗೆಯೋ?

ನಾನಾದರೆ ಅವರ ಬಗ್ಗೆಯೇ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದೆ ತಟ್ಟುವುದಕ್ಕೂ ಅಂಕ ಸಿಗುತ್ತಿತ್ತು. ಮೊನ್ನೆ ಆ ಕಾಲದ ಟಿಪ್ಪಣಿಗಳನ್ನು ಕೊಡವುವಾಗ ಹಳದಿಗಟ್ಟಿದ ಪತ್ರಿಕೆಯ ತುಣುಕೊಂದು ಬಿತ್ತು. ಜರ್ಮನಿಯ ಕಾಲುದಾರಿಗಳಲ್ಲಿ ಹುದುಗಿಸಿದ ಅಂಗೈಯಗಲದ ಹಿತ್ತಾಳೆ ಫಲಕಗಳ ಚಿತ್ರ. ನಾಜಿಗಳು ಹೊತ್ತೊಯ್ದು ಕೊಂದ ಯಹೂದಿಗಳು ಬಾಳಿದ ಮನೆಗಳೆದುರು, ಒಬ್ಬೊಬ್ಬರಿಗೆ ಒಂದೊಂದು. ‘ಇಲ್ಲಿ ವಾಸವಿದ್ದರು’ ಎಂಬ ಸಾಲು, ಅದರ ಕೆಳಗೆ ಹೆಸರು.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಇದನ್ನೋದಿದ ನನಗೆ ನಮ್ಮೂರು ಚಳ್ಳಕೆರೆಯನ್ನು ಎಚ್ಚರಿಸದ ಹೊರತು ಸಮಾಧಾನವಿರಲಿಲ್ಲ. ಒಂದು ಬೆಳಗ್ಗೆ ಬಸ್ ನಿಲ್ದಾಣದೆದುರಿನ ಕಾಲುದಾರಿಯಲ್ಲಿ ಮಂಡಿಯೂರಿ, ಸೀಮೆಸುಣ್ಣದಿಂದ ಎಂಟು ಚೌಕ ಎಳೆದು, ತುಣುಕಿನಲ್ಲಿದ್ದ ಎಂಟು ಹೆಸರುಗಳನ್ನು ‘ಇಲ್ಲಿ ವಾಸವಿದ್ದರು’ ಎಂಬ ಸಾಲಿನ ಸಮೇತ ನಕಲಿಸಿದೆ. ನಾಯಕನಹಟ್ಟಿ ಬಸ್ಸಿಗೆ ಜನ ಸೇರುತ್ತಲೇ ಭಾಷಣ ಮಾಡುವುದೆಂದು ಲೆಕ್ಕ ಹಾಕಿದ್ದೆ.

ಜನಕ್ಕೂ ಮುಂಚೆ ಹೂ ಮಾರುವ ಓಬಕ್ಕ ಬಂದಳು. ಆಂಧ್ರದ ಗಡಿಯಂಚಿನ ರಾಂಪುರದ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಹಾರುವವಳು. ಊರಿನ ಮೂರು ಕಡೆಗಳಿಂದ ಎಬ್ಬಿಸಿ ಕಳಿಸಿದ ಮೇಲೆ ಕೊನೆಗೆ ಇಲ್ಲಿ ನೆಲೆ ಕಂಡಿದ್ದಳು. ಅವಳಿಗೆ ಅಕ್ಷರ ಬಾರದು. ಪಕ್ಕದ ಕಡಲೆಕಾಯಿ ಗಾಡಿಯ ತಿಪ್ಪಣ್ಣ ಓದಿ ಹೇಳಿದ: “ನಿನ್ ಜಾಗ್ದಾಗೆ ರೂತ್ ಅಂತ ಬರ್ದೈತೆ. ನಮಗಿಂತ ಮುಂಚೆ ಇವ್ರು ಇಲ್ಲಿದ್ರಂತೆ ಕಣಕ್ಕ. ಜಾಗ ವಾಪಸ್ ಕೇಳ್ತಾವ್ರೆ.”

ಬುಟ್ಟಿಯನ್ನು ಆ ಚೌಕದ ಮೇಲೆಯೇ ಕುಕ್ಕಿ ಓಬಕ್ಕ ನನ್ನತ್ತ ತಿರುಗಿದಳು. “ಯಾರ್ ಸಾರ್ ಈ ರೂತು? ಹದಿನೈದು ವರ್ಷದಿಂದ ಇಲ್ಲೇ ಹೂ ಕಟ್ತೀನಿ. ನಾ ನೋಡ್ದಂಗೆ ಯಾವಾಗಿದ್ಲು?”

ನಾನು ಗಂಟಲು ಸರಿಪಡಿಸಿಕೊಂಡು “ಮಾನ್ಯ ಅಧ್ಯಕ್ಷರೇ” ಎಂದುಬಿಟ್ಟೆ. ಅಧ್ಯಕ್ಷರು ಯಾರೆಂದು ಅವಳು ಹಿಂತಿರುಗಿ ನೋಡಿದಳು. ಇವರ ಮನೆಗಳಿದ್ದದ್ದು ಇಲ್ಲಲ್ಲ, ದೂರದೇಶದಲ್ಲಿ; ಅಲ್ಲಿಂದ ಎಬ್ಬಿಸಿ ಕೊಂಡೊಯ್ದು ಕೊಂದರು; ಈ ರೂತ್‌ಗೆ ಆಗ ಒಂಬತ್ತು ವರ್ಷ ಎಂದು, ಮಾನವತೆಯ ಕುರಿತು ಸಿದ್ಧಪಡಿಸಿದ್ದನ್ನೆಲ್ಲ ಬಿಟ್ಟು, ಹೇಳಿದೆ.

“ಏನ್ ಮಾಡಿದ್ಲು ಅಂತ?”

“ಏನೂ ಮಾಡಿರಲಿಲ್ಲಮ್ಮ. ಯಹೂದಿಯಾಗಿ ಹುಟ್ಟಿದ್ದಳು, ಅಷ್ಟೇ.”

ಓಬಕ್ಕ ಬುಟ್ಟಿಯನ್ನು ಗೇಣುದ್ದ ಪಕ್ಕಕ್ಕೆಳೆದು ಚೌಕವನ್ನು ತೆರವು ಮಾಡಿದಳು. “ಮಗಾ ಇರ್ಲಿ ಬಿಡ್ರಿ. ಅಷ್ಟು ಜಾಗ ನನ್ ಹತ್ರಾನೂ ಐತೆ. ಲೇ ತಿಪ್ಪಣ್ಣ, ಗಾಡಿ ಹಿಂದಕ್ ತಳ್ಳೋ.” ತಿಪ್ಪಣ್ಣ ಗೊಣಗುತ್ತ ತಳ್ಳಿದ. ಉಳಿದವರ ಹೆಸರನ್ನೂ ಓದಿ ಎಂದಳು.

ಪೇಚಿಗೆ ಸಿಕ್ಕಿದ್ದು ಆಗಲೇ. ಎಂಟನ್ನೂ ದುಂಡಗೆ ಬರೆದಿದ್ದ ನಾನು ಒಂದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಬಹುಮಾನಗಳನ್ನು ಗೆದ್ದ ನಾಲಗೆ ಎರಡನೆಯ ಹೆಸರಿಗೇ ಎಡವಿತು.

“ನಿಧಾನಕ್ ಓದ್ರಿ ಸಾರ್,” ಎಂದಳು ಓಬಕ್ಕ, ಮಲ್ಲಿಗೆಗೆ ದಾರ ಸುತ್ತುತ್ತ. “ಬಸ್ಸಿನ ಅವಸರ ನಿಮ್ದು, ಅವ್ರದಲ್ಲ.”

ಸಂಜೆಯೊಳಗೆ ಸುಣ್ಣ ಅಳಿಸಿಹೋಯಿತು. ಬುಟ್ಟಿ ಮಾತ್ರ ಬಹಳ ದಿನ ಆ ಗೇಣಿನಾಚೆಯೇ ಇತ್ತು.

ಮೊನ್ನೆ ತುಣುಕನ್ನು ಮಡಿಸಿಡುವ ಮುನ್ನ ಎಂಟೂ ಹೆಸರುಗಳನ್ನು ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ಓದಿದೆ. ಅಂಕ ಕೊಡುವವರು ಯಾರೂ ಇರಲಿಲ್ಲ. ನಿಮ್ಮಲ್ಲೂ ಇಷ್ಟೇ ಕೋರಿಕೆ: ಅಂಥದ್ದೊಂದು ಹೆಸರು ಎಲ್ಲಾದರೂ ಎದುರಾದರೆ ನಿಲ್ಲಿ, ಬಾಯಿಬಿಟ್ಟು ಓದಿ. ನಿಧಾನವಾಗಿ.